ದೇವಕಿಯ ಮೊಣಕೈ ಎತ್ತರ

ಕೊಪ್ಪದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ದೇವಕಿಯ ಗುರುತು ಹೇಳುವವರು ಮೊದಲು ಅವಳ ಎತ್ತರವನ್ನೇ ಹೇಳುತ್ತಿದ್ದರು. ಸೊಸೈಟಿ ಭಟ್ಟರ ಹೆಂಡತಿ, ಆ ಗಿಡ್ಡ ಹೆಂಗಸು ಎಂದರೆ ಸಾಕಿತ್ತು. ಅಡಿಕೆ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ಗಂಡ ಉಮಾಮಹೇಶ್ವರ ಭಟ್ಟರೋ, ತಮ್ಮ ಮನೆಯ ಬಾಗಿಲನ್ನೇ ತಲೆ ತಗ್ಗಿಸಿ ದಾಟುವಷ್ಟು ಉದ್ದ. ಮದುವೆಯ ದಿನ ಫೋಟೊ ತೆಗೆಯುವವನು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಹಿಂದೆ ಸರಿದು ನೋಡಿ, ಕೂರುವ ಮಣೆಯೊಂದನ್ನು ತರಿಸಿ ಮದುಮಗಳನ್ನು ಅದರ ಮೇಲೆ ಹತ್ತಿಸಿದ. ಸೀರೆಯ ನೆರಿಗೆ ಮಣೆಯನ್ನು ಮುಚ್ಚಿತು. ಆ ಫೋಟೊ ಇಂದಿಗೂ ನಡುಮನೆಯ ಗೋಡೆಯ ಮೇಲಿದೆ. ನೋಡಿದವರಿಗೆ ಜೋಡಿಯಲ್ಲಿ ಏನೂ ಕೊರತೆ ಕಾಣುವುದಿಲ್ಲ.

ಅವಳ ತವರು ಶೃಂಗೇರಿಯ ಆಚೆಗಿನ ಬೇಗಾರು. ಅಲ್ಲಿ ಅಮ್ಮ ವಾರಕ್ಕೊಮ್ಮೆ ಒಲೆಯ ಅಂಚಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ರಸ್ತೆಗಾಗಿ ಗುಡ್ಡ ಕಡಿದ ಜಾಗದಿಂದ ಮಣ್ಣು ತರುವುದು, ಅದನ್ನು ನೆನೆಹಾಕಿ ಹರಳು ಸೋಸುವುದು ದೇವಕಿಯ ಕೆಲಸ. ಬಳಿದ ಮಣ್ಣಿಗೆ ಹಸಿಯಿರುವಾಗ ಒಂದು ಬಣ್ಣ, ಬೆಂಕಿಯ ಕಾವಿಗೆ ಒಣಗಿದ ಮೇಲೆ ಇನ್ನೊಂದು. ಆ ಒಣಗಿದ ಬಣ್ಣವೇ ಅಡುಗೆಮನೆಯ ಬಣ್ಣವೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೊಪ್ಪಕ್ಕೆ ಬಂದಾಗ ಕಂಡದ್ದು ಸಿಮೆಂಟಿನ ಬೂದು ಗೋಡೆ, ನೆಲದ ಮಟ್ಟದ ಒಲೆ. ಆಮೇಲೆ ಗ್ಯಾಸ್ ಬಂದರೂ ಅತ್ತೆ ಅನ್ನಪೂರ್ಣೇಶ್ವರಿಯಮ್ಮ ಅದನ್ನು ಒಲೆಯ ಪಕ್ಕದ ತಗ್ಗಿನ ಕಲ್ಲಿನ ಮೇಲೆಯೇ ಇಡಿಸಿದರು. ಅವರಿಗೆ ಕೂತು ಬೇಯಿಸಿ ರೂಢಿ. ಸೊಸೆಗೆ ಕೂತು ಮಾಡುವಷ್ಟು ಬಿಡುವಿರಲಿಲ್ಲ. ಕೂತರೆ ಮತ್ತೆ ಏಳಬೇಕು, ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಕಾಫಿ. ಹಾಗಾಗಿ ದೇವಕಿ ಬಗ್ಗಿ ದೋಸೆ ಹೊಯ್ದಳು, ಬಗ್ಗಿ ಗಂಜಿ ಬಸಿದಳು. ಮಗಳು ಹೊಟ್ಟೆಯಲ್ಲಿದ್ದಾಗ ಬಗ್ಗಲಾಗದೆ ಮಂಡಿಯೂರಿ ಒಗ್ಗರಣೆ ಹಾಕಿದಳು. ಬೆಳಗಿನ ಕಾಫಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಅವಳ ಸೊಂಟ ನೆಟ್ಟಗಾಗುತ್ತಿದ್ದದ್ದು ಬಾವಿಯಿಂದ ನೀರು ಸೇದುವಾಗ ಮಾತ್ರ.

ಆಸೆ ಹುಟ್ಟಿದ್ದು ನರಸಿಂಹರಾಜಪುರದಲ್ಲಿ. ಬಾಲ್ಯದ ಗೆಳತಿ ಕುಸುಮಾಳ ಮನೆಯೊಕ್ಕಲಿಗೆ ಹೋದ ದಿನ, ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ ಅವಳು ಒಬ್ಬಳೇ ಹೊಸ ಅಡುಗೆಮನೆಗೆ ಹೋಗಿ, ಗ್ರಾನೈಟ್ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ಸುಮ್ಮನೆ ನಿಂತಳು. ಹಿಂದಿನಿಂದ ಬಂದ ಕುಸುಮಾ ನಕ್ಕಳು. ಬಡಗಿ ತನ್ನನ್ನು ನೆಟ್ಟಗೆ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದನೆಂದೂ ಅದಕ್ಕಿಂತ ಅಂಗೈಯಗಲ ಕೆಳಗೆ ಕಟ್ಟೆ ಕೂರಿಸಿದನೆಂದೂ ವಿವರಿಸಿದಳು.

"ಬ್ಲೌಸ್ ಹೊಲಿಸಿದ ಹಾಗೆ ಮಾರಾಯ್ತಿ."

ಕುಸುಮಾ ಉದ್ದದ ಹೆಂಗಸು. ಅವಳ ಕಟ್ಟೆ ದೇವಕಿಯ ಎದೆಯ ಹತ್ತಿರಕ್ಕೆ ಬರುತ್ತಿತ್ತು. ಆದರೆ ಅವತ್ತು ದೇವಕಿ ಬಸ್ಸಿನಲ್ಲಿ ಹೊತ್ತು ತಂದದ್ದು ಆ ಕಟ್ಟೆಯನ್ನಲ್ಲ, ಆ ಅಳತೆಯ ಸಂಗತಿಯನ್ನು. ಹೆಂಗಸೊಬ್ಬಳ ಮೈಯನ್ನು ಅಳೆದು ಅವಳಿಗೆ ಹೊಂದುವ ಹಾಗೆ ಮನೆಯ ಒಂದು ಭಾಗವನ್ನೇ ಕಟ್ಟಬಹುದು ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೇಳಿದಾಗಲೆಲ್ಲ ಭಟ್ಟರದ್ದು "ನೋಡುವಾ" ಎಂಬ ಒಂದೇ ಉತ್ತರ. ಜಗಲಿಗೆ ಟೈಲ್ಸ್ ಬಂತು. ದೇವರ ಕೋಣೆಗೆ ಹಿತ್ತಾಳೆಯ ಹೂಬಳ್ಳಿಯಿದ್ದ ಬಾಗಿಲು ಬಂತು. ಅಡುಗೆಮನೆ ಬಂದವರ ಕಣ್ಣಿಗೆ ಬೀಳುವ ಜಾಗವಲ್ಲ, ಅದು ಕೊನೆಗೆ ಉಳಿಯಿತು. ಮಗಳು ಅರ್ಪಣಾ ಮದುವೆಯಾಗಿ ಶೃಂಗೇರಿಗೆ ಹೋಗಿ, ತನ್ನ ಮನೆಯಲ್ಲಿ ನೆಟ್ಟಗೆ ನಿಂತು ಅಡುಗೆ ಮಾಡತೊಡಗಿದ ಮೇಲೆ ಅಪ್ಪನನ್ನು ಬಿಡದೆ ಕಾಡಿದಳು. ನಿವೃತ್ತಿಯಾದ ವರ್ಷ ಭಟ್ಟರು ಒಪ್ಪಿದರು.

ಬಡಗಿ ಯಜ್ಞೇಶ ಲ್ಯಾಮಿನೇಟ್ ತುಂಡುಗಳನ್ನು ಬೀಗದ ಕೈ ಗೊಂಚಲಿನಂತೆ ಪೋಣಿಸಿಕೊಂಡು ಬಂದು ಜಗಲಿಯಲ್ಲಿ ಹರಡಿದ. ಭಟ್ಟರು ಬೂದುಬಣ್ಣವೇ ಇರಲಿ, ಕೊಳೆ ಕಾಣುವುದಿಲ್ಲ ಎಂದರು. ಆ ಮನೆಯಲ್ಲಿ ಅವರು ಒರೆಸಿದ ಕೊಳೆ ಯಾವುದೂ ಇರಲಿಲ್ಲ. ಅತ್ತೆ ಬಿಳಿ ಎಂದರು. ದೇವಕಿ ಒಂದೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ ಮೂರನ್ನು ಬೇರೆ ಇಟ್ಟಳು. ಅವುಗಳ ಬೆನ್ನಿಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರು, ನಂಬರು. ಅವಳು ತನ್ನ ಹೆಸರು ಕೊಟ್ಟಳು. ಕೆಳಗಿನ ಕಪಾಟುಗಳಿಗೆ ಕೆಮ್ಮಣ್ಣು, ಮೇಲಿನವಕ್ಕೆ ಜೋನಿಬೆಲ್ಲ, ಅಂಚಿನ ಪಟ್ಟಿಗೆ ಅಡಿಕೆ ಬೇಯಿಸಿದ ಚೊಗರು.

"ಅಂಗಡಿಯಲ್ಲಿ ಹೀಗೆ ಕೇಳಿದ್ರೆ ನಂಗೆ ಬೆಲ್ಲ ಕಟ್ಟಿ ಕೊಡ್ತಾರೆ ಅಮ್ಮ," ಎಂದ ಯಜ್ಞೇಶ.

ಅವಳು ನಗುತ್ತಾ ಆ ಮೂರೂ ತುಂಡುಗಳ ಮೂಲೆಗೆ ಅರಿಸಿನದ ಬೊಟ್ಟಿಟ್ಟು ಕೊಟ್ಟಳು. ಬೂದು, ಬಿಳಿ ಎರಡೂ ಹಿಂದೆ ಸರಿದವು. ಆ ಮನೆಯಲ್ಲಿ ಅವಳ ಮಾತು ನಿಂತದ್ದು ಅದೇ ಮೊದಲು. ಅವತ್ತಿಡೀ ಅವಳು ಬಗ್ಗಿ ಮಾಡಿದ ಕೆಲಸಕ್ಕೆ ಸೊಂಟ ನೋಯಲಿಲ್ಲವೆಂದು ಆಮೇಲೆ ಮಗಳಿಗೆ ಫೋನಿನಲ್ಲಿ ಹೇಳಿದಳು.

ಒಲೆಯ ಜಾಗ ಬದಲಾಗುವುದರಿಂದ ಅಳತೆ ಹಿಡಿಯಲೂ ಒಳ್ಳೆಯ ದಿನ ಬೇಕೆಂದು ಅತ್ತೆ ಪಂಚಾಂಗ ನೋಡಿಸಿದರು. ಆಷಾಢಕ್ಕೆ ಮೊದಲು ಸಿಕ್ಕಿದ್ದು ಒಂದೇ ದಿನ. ಆ ದಿನ ಬೆಳಿಗ್ಗೆ ದೇವಕಿ ಮುಟ್ಟಾದಳು.

ಬೀದಿಯ ಎಷ್ಟೋ ಮನೆಗಳಲ್ಲಿ ಬಿಟ್ಟುಹೋದ ಪದ್ಧತಿ ಅತ್ತೆಯಿರುವವರೆಗೆ ಆ ಮನೆಯಲ್ಲಿ ಇತ್ತು. ಮೂರು ದಿನ ಹಿತ್ತಲ ಜಗಲಿ. ಒಳಗಿನ ವಸ್ತು ಮುಟ್ಟುವಂತಿಲ್ಲ. ಅದನ್ನು ಹೆಂಗಸರ ರಜೆ ಎಂದು ಹೇಳುವ ಗಂಡಸರಿದ್ದಾರೆ. ಹಿತ್ತಲಿನ ಕಳೆ ಕೀಳುವುದು, ಸೌದೆ ಒಟ್ಟುವುದು, ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಒಣಗಿಸುವುದು ಆ ರಜೆಯ ಕೆಲಸ.

ಮೂರು ದಿನ ತಡೆದು ಬಡಗಿಯನ್ನು ಕರೆಸಲು ಆಗುವುದಿಲ್ಲವೇ ಎಂದು ದೇವಕಿ ಹಿಂಬಾಗಿಲಿನಿಂದ ಕೇಳಿದಳು. ಆಮೇಲೆ ಆಷಾಢ ಎಂದರು ಅತ್ತೆ. ಹಾಗಿದ್ದರೆ ಅವನನ್ನೇ ಹಿತ್ತಲಿಗೆ ಕಳಿಸಿ, ನಾನು ಇಲ್ಲೇ ನಿಂತು ಅಳತೆ ಕೊಡುತ್ತೇನೆ ಎಂದಳು.

"ನಿನ್ನ ಮೈಗೆ ತಾಗಿದ ಟೇಪು ಆಮೇಲೆ ಒಳಗೆ ಬರೋದಲ್ವಾ ದೇವಕಿ? ಒಲೆ ಇಡೋ ಜಾಗಕ್ಕೆ?"

ಅನ್ನಪೂರ್ಣೇಶ್ವರಿಯಮ್ಮ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳುವ ದನಿಯಲ್ಲೇ ಕೇಳಿದರು.

ದೇವಕಿ ಹಿತ್ತಲ ಸುತ್ತ ಕಣ್ಣು ಹಾಯಿಸಿದಳು. ಬಚ್ಚಲುಮನೆಯ ಹೊರಗೋಡೆಗೆ ಆ ವರ್ಷ ಹೊಸದಾಗಿ ಸುಣ್ಣ ಬಳಿದಿದ್ದರು. ಬಚ್ಚಲೊಲೆಯಿಂದ ಒಂದು ಇದ್ದಿಲ ತುಂಡು ತೆಗೆದು, ಗೋಡೆಗೆ ಒರಗಿ ನೆಟ್ಟಗೆ ನಿಂತು, ಮೊಣಕೈ ಮಡಿಸಿ, ಸರಿಯಾಗಿ ಅದರ ಕೆಳಗೆ ಅಡ್ಡ ಗೆರೆ ಎಳೆದಳು. ಹಿಮ್ಮಡಿ ಎತ್ತಿದ್ದೇನೋ ಎಂದು ಅನುಮಾನವಾಗಿ ಮತ್ತೆ ನಿಂತು ನೋಡಿದಳು. ಗೆರೆ ಸರಿಯಿತ್ತು. ಆಮೇಲೆ ಗಂಡನನ್ನು ಕರೆದಳು.

"ಕೇಳ್ತಾ? ಇಲ್ಲಿ ಗೆರೆ ಎಳೆದಿದ್ದೇನೆ. ನನ್ನ ಮೊಣಕೈ ಇಷ್ಟಕ್ಕೆ ಬರ್ತದೆ. ಗೋಡೆ ಅಳೆದ್ರೆ ಮುಟ್ಟಿದ ಹಾಗೆ ಆಗೋದಿಲ್ಲ. ಇದನ್ನ ಅಳೆಸಿ."

"ಆಯ್ತು, ಆಯ್ತು," ಎಂದರು ಭಟ್ಟರು.

ಯಜ್ಞೇಶ ಅವಸರದಲ್ಲಿದ್ದ. ಶೃಂಗೇರಿಯ ಒಂದು ವಸತಿಗೃಹದ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದ. ಗೋಡೆಯ ಉದ್ದ, ಕಿಟಕಿಯ ಜಾಗ, ನಲ್ಲಿಯ ಜಾಗ ಎಲ್ಲ ಬರೆದುಕೊಂಡು, ಕಟ್ಟೆ ಎಷ್ಟಕ್ಕೆ ಇಡೋಣ, ಅಮ್ಮ ಎಲ್ಲಿ ಎಂದು ಕೇಳಿದ. ಅವಳು ಹೊರಗೆ ಎಂದರು ಭಟ್ಟರು. ಅವನಿಗೆ ಅರ್ಥವಾಯಿತು. ಹಿತ್ತಲ ಕಿಟಕಿಯಿಂದ ದೇವಕಿ ನೋಡುತ್ತಿದ್ದಳು. ಭಟ್ಟರು ಒಲೆ ಬರಬೇಕಾದ ಜಾಗದಲ್ಲಿ ಹೋಗಿ ನಿಂತರು. ಮದುವೆಯಾದಂದಿನಿಂದ ಅವರು ಒಲೆಯ ಎದುರು ನಿಂತದ್ದನ್ನು ಅವಳು ಕಂಡಿರಲಿಲ್ಲ. ಅವರು ಮೊಣಕೈ ಮಡಿಸಿದರು, ಕೈಯನ್ನು ಗಾಳಿಯಲ್ಲಿ ಸೌಟು ಹಿಡಿದವರಂತೆ ತಿರುಗಿಸಿದರು, ಇಷ್ಟಿದ್ದರೆ ಆರಾಮ ಎಂದರು. ಯಜ್ಞೇಶ ಟೇಪು ಹಿಡಿದ. ಅವಳು ಕಿಟಕಿಯಿಂದಲೇ ಗೆರೆಯ ನೆನಪು ಮಾಡಿದಳು. ಅವನಿಗೆ ಆಮೇಲೆ ಹೇಳುತ್ತೇನೆ ಎಂದರು ಭಟ್ಟರು.

ನಾಲ್ಕನೆಯ ದಿನ ಸ್ನಾನ ಮಾಡಿದವಳೇ ಅವಳು ಯಜ್ಞೇಶನಿಗೆ ಫೋನ್ ಮಾಡಿದಳು. ಪ್ಲೈವುಡ್ ಇನ್ನೂ ಕೊಯ್ದಿಲ್ಲ, ಭಟ್ಟರ ಬಾಯಲ್ಲಿ ಒಂದು ಮಾತು ಹೇಳಿಸಿ, ತಗ್ಗಿಸುತ್ತೇನೆ ಎಂದ ಅವನು. ಆ ಒಂದು ಮಾತನ್ನು ಅವಳು ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಕೇಳಿದಳು. ಸಂಜೆ ಕಾಫಿ ಕೊಡುವಾಗ ಕೇಳಿದಳು. ಒಮ್ಮೆ ಕೊಟ್ಟ ಅಳತೆಯನ್ನು ಹೆಂಡತಿ ಹೇಳಿದಳೆಂದು ತಿರುಗಿಸಿದರೆ ಅವನು ಏನಂದುಕೊಳ್ಳುತ್ತಾನೆ ಎಂದರು ಭಟ್ಟರು. ದಿನಾ ಅದೇ ಕೆಲಸ ಮಾಡುವವನು, ಅವನಿಗೆ ಗೊತ್ತಿರುತ್ತದೆ ಎಂದೂ ಸೇರಿಸಿದರು.

ಕೆಲಸ ಮುಗಿದಾಗ ಅಡುಗೆಮನೆ ಕಣ್ಣಿಗೆ ಕಟ್ಟುವಂತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದರೆ ಕೆಳಗಿನ ಕಪಾಟುಗಳು ಆಗಷ್ಟೇ ಒಣಗಿದ ಕೆಮ್ಮಣ್ಣಿನಂತೆ ಕಾಣುತ್ತಿದ್ದವು. ದೇವಕಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಹಾಲುಕ್ಕಿಸಲು ಪಾತ್ರೆ ಇಟ್ಟಳು. ಪಾತ್ರೆಯೊಳಗೆ ಏನಾಗುತ್ತಿದೆ ಎಂಬುದು ಅವಳಿಗೆ ಕಾಣಲಿಲ್ಲ. ತುದಿಗಾಲಲ್ಲಿ ನಿಂತು ಇಣುಕಿದಾಗ ಉಗಿ ಮುಖಕ್ಕೆ ಹೊಡೆಯಿತು. ಸೌಟು ಹಿಡಿದ ಕೈ ಭುಜದ ಮಟ್ಟಕ್ಕೆ ಏರಿ, ಮೊಣಕೈ ರೆಕ್ಕೆಯಂತೆ ಹೊರಕ್ಕೆ ಚಾಚಿತ್ತು. ಅಭ್ಯಾಸವಾಗುತ್ತದೆ ಎಂದರು ಭಟ್ಟರು. ಅತ್ತೆ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

"ನಾನು ಕೂತು ತಗ್ಗಿ ತಗ್ಗಿ ಮಾಡಿದೆ. ನೀನು ಎತ್ತಿ ಎತ್ತಿ ಮಾಡು. ಅಷ್ಟೇ ವ್ಯತ್ಯಾಸ."

ಅದನ್ನು ತಮಾಷೆಯೆಂದು ಎಲ್ಲರೂ ನಕ್ಕರು. ಅನ್ನಪೂರ್ಣೇಶ್ವರಿಯಮ್ಮ ನಗಲಿಲ್ಲ. ಸೊಸೆಯ ಕೈಯನ್ನೇ ನೋಡುತ್ತಿದ್ದರು.

ಅವತ್ತೇ ಅವಳು ದೇವರ ಕೋಣೆಯಿಂದ ಒಂದು ಹಳೆಯ ಮಣೆ ತಂದು ಒಲೆಯ ಮುಂದೆ ಹಾಕಿಕೊಂಡಳು. ಮಣೆ ಹತ್ತಿದರೂ ಎತ್ತರ ಪೂರ್ತಿ ಸಾಲುತ್ತಿರಲಿಲ್ಲ, ಆದರೆ ಪಾತ್ರೆಯ ಒಳಗು ಕಾಣುತ್ತಿತ್ತು. ಒಲೆಯಿಂದ ನಲ್ಲಿಗೆ ಹೋಗಬೇಕಾದರೆ ಇಳಿಯಬೇಕು, ಕಾಲಿನಿಂದ ಮಣೆ ನೂಕಬೇಕು, ಮತ್ತೆ ಹತ್ತಬೇಕು. ದೋಸೆಯೊಂದಕ್ಕೆ ಎಷ್ಟು ಸಲ ಕೈಯೆತ್ತಬೇಕು ಎಂಬುದು ದೋಸೆ ತಿನ್ನುವವರಿಗೆ ತಿಳಿಯುವ ವಿಷಯವಲ್ಲ. ಮೊದಲು ಬಲಭುಜ ಹಿಡಿದುಕೊಂಡಿತು, ಆಮೇಲೆ ಕುತ್ತಿಗೆ. ಕೊನೆಕೊನೆಗೆ ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ, ಆದರೂ ಸೌಟಿಗೆ ಏಳುತ್ತಿತ್ತು. ಜೋನಿಬೆಲ್ಲದ ಬಣ್ಣದ ಮೇಲಿನ ಕಪಾಟುಗಳು ಅವಳ ಕೈಗೆ ಎಟುಕುತ್ತಲೇ ಇರಲಿಲ್ಲ. ಬೇಕಾದದ್ದೆಲ್ಲ ಕೆಳಗೆ ಇಟ್ಟುಕೊಂಡು, ಅಷ್ಟು ಆಸೆಯಿಂದ ಆರಿಸಿದ ಆ ಬಣ್ಣವನ್ನು ದೂರದಿಂದ ನೋಡಿಕೊಂಡಿದ್ದಳು.

ಬಂದವರಿಗೆಲ್ಲ ಈಗ ಅಡುಗೆಮನೆ ತೋರಿಸುವುದು ರೂಢಿಯಾಯಿತು. ಭಟ್ಟರೇ ಕರೆದುಕೊಂಡು ಹೋಗಿ ಕಪಾಟುಗಳ ಬಾಗಿಲು ತೆಗೆದು ಮುಚ್ಚಿ ತೋರಿಸುತ್ತಿದ್ದರು. ಆ ಹೊತ್ತಿಗೆ ಮಣೆಯನ್ನು ಕಾಲಿನಿಂದ ಮೂಲೆಗೆ ಸರಿಸುತ್ತಿದ್ದರು. ಅರ್ಪಣಾ ಬಂದು ಫೋಟೊ ತೆಗೆದು ಅಮ್ಮನ ಅಡುಗೆಮನೆ ಎಂದು ಸ್ಟೇಟಸ್ಸಿಗೆ ಹಾಕಿದಳು. ಮಾರನೆಯ ದಿನ ಅಮ್ಮ ಮಣೆ ಹತ್ತಿ ಇಳಿಯುವುದನ್ನು ಕಂಡು ಅದನ್ನು ಅಳಿಸಿದಳು.

"ಮೊದಲೇ ಹೇಳೋದಲ್ವಾ ಅಮ್ಮಾ?"

"ಹೇಳಿದ್ದೆ," ಎಂದಳು ದೇವಕಿ. ಹಿಂಬಾಗಿಲಿನಿಂದ ಕಾಣುತ್ತಿದ್ದ ಬಚ್ಚಲಗೋಡೆಯ ಗೆರೆಯನ್ನು ತೋರಿಸಿದಳು. ಹೊಗೆ ತಾಗಿ ಸುಣ್ಣ ಆಗಲೇ ಮಾಸುತ್ತಿತ್ತು. ಗೆರೆ ಇನ್ನೂ ಕಾಣುತ್ತಿತ್ತು. ಅರ್ಪಣಾ ಅಪ್ಪನೊಡನೆ ಜಗಳವಾಡಿದಳು. ಕೂರಿಸಿದ ಕಲ್ಲನ್ನು ಎಬ್ಬಿಸಿದರೆ ಒಡೆಯುತ್ತದೆ, ಕಣ್ಣೆದುರು ಹಾಳು ಮಾಡಲೇ ಎಂದು ಭಟ್ಟರು ಕೇಳಿದರು. ಜಗಳ ಅಲ್ಲಿಗೆ ನಿಂತಿತು. ಊಟದ ಹೊತ್ತಾಗಿತ್ತು, ದೇವಕಿ ಎಲೆ ಹಾಕಿದಳು.

ಮರುವರ್ಷ ಅನ್ನಪೂರ್ಣೇಶ್ವರಿಯಮ್ಮ ತೀರಿಕೊಂಡರು. ದೇವಕಿಯ ಮುಟ್ಟೂ ಅದರ ಆಸುಪಾಸಿನಲ್ಲೇ ನಿಂತಿತು. ಹೊರಗೆ ಕೂರಿಸುವವರೂ ಇಲ್ಲ, ಕೂರುವ ಕಾರಣವೂ ಇಲ್ಲ. ಕಟ್ಟೆ ಮಾತ್ರ ಆ ಒಂದು ದಿನದ ಎತ್ತರದಲ್ಲೇ ಉಳಿದಿತ್ತು.

ಅತ್ತೆಯ ವರ್ಷದ ತಿಥಿಯ ದಿನ ಅವಳು ಬೆಳಕು ಹರಿಯುವ ಮೊದಲೇ ತಲೆಗೆ ಸ್ನಾನ ಮಾಡಿ, ಹಿಂಡಿದ ಒದ್ದೆ ಸೀರೆಯುಟ್ಟು ಮಡಿಯಲ್ಲಿ ಅಡುಗೆಗೆ ನಿಂತಳು. ತಿಥಿಯ ಅಡುಗೆಗೆ ಬೇರೆಯವರ ಕೈ ಸೇರಿಸುವುದು ಅತ್ತೆಗೆ ಹಿಡಿಸುತ್ತಿರಲಿಲ್ಲ. ಅವರಿಲ್ಲದಾಗಲೂ ದೇವಕಿ ಅದನ್ನು ನಡೆಸಿದಳು. ಪಾಯಸ, ವಡೆ, ಗೊಜ್ಜು ಎಲ್ಲ ಆಗಿ ಕೊನೆಗೆ ಅನ್ನದ ದೊಡ್ಡ ಪಾತ್ರೆ. ಸೀರೆಯಿಂದ ತೊಟ್ಟಿಕ್ಕಿದ ನೀರು ಟೈಲ್ಸಿನ ಮೇಲೆ ಹರಡಿತ್ತು. ಗಂಜಿ ಬಸಿಯಲು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳು ಮಣೆಯಿಂದ ಇಳಿದಳು. ಮಣೆ ಜಾರಿತು.

ಭಟ್ಟರು ಓಡಿಬಂದಾಗ ಅವಳು ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು.

"ಅನ್ನ ಚೆಲ್ಲಿತಾ?" ಎಂದು ಕೇಳಿದಳು. ಬ್ರಾಹ್ಮಣರು ಆಗಲೇ ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದರು.

ಶಿವಮೊಗ್ಗದಲ್ಲಿ ಸೊಂಟದ ಕೀಲಿಗೆ ಆಪರೇಷನ್ ಆಯಿತು. ಮೂಳೆ ಟೊಳ್ಳಾಗಿದೆ, ಹಾಲು ಮೊಸರು ತಿನ್ನುತ್ತಿರಲಿಲ್ಲವೇ ಎಂದು ಡಾಕ್ಟರು ಕೇಳಿದರು. ಅವಳು ಎಲ್ಲರಿಗೂ ಬಡಿಸುತ್ತಿದ್ದಳು. ಮನೆಗೆ ಬಂದ ಮೇಲೆ ಹಾಸಿಗೆ, ಗಾಲಿಕುರ್ಚಿ, ಆಗೊಮ್ಮೆ ವಾಕರ್ ಹಿಡಿದು ಎದ್ದುನಿಲ್ಲುವ ಪ್ರಯತ್ನ. ನಿಂತರೂ ನಡು ಬಾಗಿಯೇ ಇರುತ್ತಿತ್ತು. ಇನ್ನು ನೆಟ್ಟಗಾಗುವುದು ಕಷ್ಟ ಎಂದಿದ್ದರು.

ಭಟ್ಟರು ಅಡುಗೆ ಕಲಿತರು. ಇದನ್ನು ಹೇಳಲೇಬೇಕು, ಅವರು ಬೇಸರಿಸದೆ ಕಲಿತರು. ಅವಳ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದಿಟ್ಟುಕೊಂಡು, ಸಾಸಿವೆ ಎಷ್ಟು, ಹುಳಿ ಎಷ್ಟು ಎಂದು ಕೇಳಿ ಕೇಳಿ ಹಾಕಿದರು. ಜಾರಿ ಬೀಳಿಸಿದ ಆ ಮಣೆಯನ್ನು ಸಿಟ್ಟಿನಿಂದ ಒಡೆದು ಬಚ್ಚಲೊಲೆಗೆ ಹಾಕಿದರು. ನೋಡಲು ಬಂದ ಬೀದಿಯ ಹೆಂಗಸರು ದೇವಕಿಯ ಕಾಲನ್ನು ವಿಚಾರಿಸಿ, ಭಟ್ಟರ ಸಾರನ್ನು ಹೊಗಳಿದರು. ಪುಣ್ಯ ಮಾಡಿದ್ದೀರಿ, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದರು. ಭಟ್ಟರಿಗೆ ಪುಣ್ಯ ಮಾಡಿದ್ದೀರಿ ಎಂದು ಅಷ್ಟು ವರ್ಷಗಳಲ್ಲಿ ಯಾರಾದರೂ ಹೇಳಿದ್ದು ದೇವಕಿಗೆ ನೆನಪಿರಲಿಲ್ಲ. ಅವಳು ತಲೆಯಾಡಿಸುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಭಟ್ಟರು ದೋಸೆ ಹೊಯ್ಯುತ್ತಿದ್ದರು. ಕೈ ಪಳಗಿತ್ತು, ದೋಸೆ ದುಂಡಗೆ ಬರುತ್ತಿತ್ತು. ಖುಷಿಯಿಂದಲೇ ಮಾತಾಡಿದರು.

"ಈ ಕಟ್ಟೆ ಎಷ್ಟು ಹದವಾಗಿದೆ ಮಾರಾಯ್ತಿ. ಬೆನ್ನು ಅಂತ ಒಂದಿದೆ ಅನ್ನೋದೇ ಗೊತ್ತಾಗೋದಿಲ್ಲ. ನೀನು ಎಂತಕ್ಕೆ ಯಾವಾಗ್ಲೂ ನೋವು ನೋವು ಅಂತಿದ್ದೆ?"

ದೇವಕಿ ಕುರ್ಚಿಯಿಂದ ಅವರ ಕೈಯನ್ನು ನೋಡಿದಳು.

"ಅದು ನಿಮ್ಮ ಮೊಣಕೈ ಅಲ್ವಾ," ಎಂದಳು.

ಭಟ್ಟರು ತಿರುಗಿ ನೋಡಿದರು. ಸೌಟು ಹಿಡಿದ ತಮ್ಮ ಕೈಯನ್ನು ನೋಡಿಕೊಂಡರು. ಕಾವಲಿಯ ಮೇಲಿನ ದೋಸೆ ಸೀದಿತು. ವಾರದೊಳಗೆ ಯಜ್ಞೇಶನನ್ನು ಕರೆಸಿದರು. ಕಲ್ಲು ಒಡೆದರೆ ಒಡೆಯಲಿ, ಹೊಸದು ಹಾಕಿಸೋಣ, ಅವಳು ಎದ್ದು ನಿಲ್ಲುವ ಹೊತ್ತಿಗೆ ಅವಳಿಗೆ ಸರಿಯಾಗಿ ಇರಬೇಕು ಎಂದರು. ದೇವಕಿ ಬೇಡವೆನ್ನಲಿಲ್ಲ. ಬಹಳ ದಿನಗಳ ಮೇಲೆ ಕೆಮ್ಮಣ್ಣಿನ ಕಪಾಟುಗಳನ್ನು ಗಮನವಿಟ್ಟು ನೋಡಿದಳು.

ಯಜ್ಞೇಶ ಬಗ್ಗಿ ಕಪಾಟುಗಳ ತಳ ನೋಡಿದ. ತಗ್ಗಿಸಬಹುದು ಎಂದ. ಸೊಂಟದಿಂದ ಟೇಪು ತೆಗೆದು ಅವಳ ಕಡೆ ತಿರುಗಿದ.

"ಅಮ್ಮ ಒಂದ್ಸಲ ನೆಟ್ಟಗೆ ನಿಂತ್ರೆ..."

ಹೇಳಿದವನು ಅಲ್ಲಿಗೇ ನಿಲ್ಲಿಸಿದ. ಭಟ್ಟರು ಕಿಟಕಿಯ ಕಡೆ ನೋಡಿದರು.

"ಬಚ್ಚಲಗೋಡೆಯಲ್ಲಿ ಗೆರೆ ಇದೆ. ಅದನ್ನ ಅಳೀರಿ," ಎಂದಳು ದೇವಕಿ.

ಇಬ್ಬರೂ ಹೊರಗೆ ಹೋದರು. ಹಿಂಬಾಗಿಲು ತೆರೆದಿತ್ತು, ಕುರ್ಚಿಯಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಗೆರೆ ಎಳೆದ ವರ್ಷದಿಂದ ಗೋಡೆ ಮತ್ತೆ ಸುಣ್ಣ ಕಂಡಿರಲಿಲ್ಲ. ದಿನವೂ ಎರಡು ಹೊತ್ತು ಉರಿದ ಬಚ್ಚಲೊಲೆಯ ಹೊಗೆಗೆ ಗೋಡೆ ಮೇಲಿನಿಂದ ಕೆಳಗಿನವರೆಗೆ ಕಪ್ಪಾಗಿತ್ತು. ಕಪ್ಪಿನಲ್ಲಿ ಇದ್ದಿಲ ಗೆರೆ ಎಲ್ಲಿ ಹುಡುಕುವುದು? ಭಟ್ಟರು ಹೆಗಲ ಮೇಲಿನ ಬೈರಾಸನ್ನು ಒದ್ದೆ ಮಾಡಿ ಮೆಲ್ಲಗೆ ಒರೆಸಿದರು. ಮಸಿ ಬಂತು. ಇನ್ನಷ್ಟು ಒರೆಸಿದರು. ಮಸಿಯ ಜೊತೆ ಸುಣ್ಣವೂ ಬಂದು ಕೆಳಗಿನ ಮಣ್ಣು ಕಂಡಿತು. ಕೆಂಪು ಮಣ್ಣು.

ಅವರು ಬೈರಾಸು ಕೆಳಗಿಟ್ಟು ಗೋಡೆಯ ಪಕ್ಕ ನಿಂತು, ಅಂಗೈಯನ್ನು ಅಡ್ಡಲಾಗಿ ಹಿಡಿದು ತಮ್ಮ ಮೈಗೆ ಹೋಲಿಸಿ ನೋಡಿದರು. ಇಷ್ಟಕ್ಕೆ ಬರುತ್ತಿತ್ತು ಎಂದರು. ಕೈ ಸ್ವಲ್ಪ ತಗ್ಗಿಸಿದರು. ಮತ್ತೆ ಏರಿಸಿದರು. ಯಜ್ಞೇಶ ಟೇಪಿನ ತುದಿಯನ್ನು ನೆಲಕ್ಕೆ ಊರಿ, ಆ ಕೈ ಎಲ್ಲಾದರೂ ನಿಲ್ಲಲಿ ಎಂದು ಕಾಯುತ್ತಿದ್ದ. ಭಟ್ಟರು ಬಾಗಿಲಿನ ಕಡೆ ತಿರುಗಿ ಹೆಂಡತಿಯನ್ನು ನೋಡಿದರು. ಕುರ್ಚಿಯಲ್ಲಿ ಕೂತವಳನ್ನು ನೋಡಿ ನಿಂತವಳ ಎತ್ತರ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದರು. ಅವರ ಕೈ ಗಾಳಿಯಲ್ಲಿಯೇ ಇತ್ತು.

ಅವಳು ತುಂಬಾ ಹೊತ್ತು ಆ ಕೈಯನ್ನು ನೋಡಿದಳು.

"ಬಿಡಿ," ಎಂದಳು. "ಹಾಲು ಉಕ್ತಾ ಇದೆ, ನೋಡಿ."

ಭಟ್ಟರು ಓಡಿ ಬಂದರು. ಬಗ್ಗಲೂ ಬೇಕಾಗಲಿಲ್ಲ, ಕೈ ಎತ್ತಲೂ ಬೇಕಾಗಲಿಲ್ಲ. ಅವರ ಕೈ ನೇರವಾಗಿ ಹೋಗಿ ಒಲೆ ಆರಿಸಿತು.